ಒಂದೇ ದಿನದಲ್ಲಿ ಧೈರ್ಯ ಹಂಚಿದವರಿಗೆ

ಮಕ್ಕಳ ಮನಃಸ್ಥೈರ್ಯ ಯೋಜನೆಯ ಜಿಲ್ಲಾ ಅಧಿಕಾರಿಗಳೇ,

ಮಾನ್ಯರೇ, ಕಳೆದ ನವೆಂಬರಿನಲ್ಲಿ ಅಂಕೋಲೆಯಲ್ಲಿ ತಾವು ನಡೆಸಿದ ಒಂದು ದಿನದ ಶಿಬಿರದಿಂದ, ಆಘಾತಕ್ಕೊಳಗಾದ ಅರವತ್ತು ಮಕ್ಕಳೂ ಪೂರ್ಣ ಚೇತರಿಸಿಕೊಂಡಿದ್ದಾರೆಂದು ತಮ್ಮ ೨೦೦೭ರ ವರದಿ ಹೇಳುತ್ತದೆ. ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ, ಸಂಜೆ ನಾಲ್ಕಕ್ಕೆ ಗುಣಮುಖ. ನೆಗಡಿ ವಾಸಿಯಾಗಲೂ ವಾರ ಹಿಡಿಯುವಾಗ ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಅರವತ್ತರಲ್ಲಿ ನನ್ನ ಅಕ್ಕನ ಮಗಳು ಲತಾಳೂ ಒಬ್ಬಳು. ಅವಳ ವಿಷಯದಲ್ಲಿ ವರದಿ ಹಸಿ ಸುಳ್ಳು.

ಲತಾಗೆ ಒಂಬತ್ತು ವರ್ಷ. ಅದೇ ವರ್ಷದ ಆಗಸ್ಟಿನಲ್ಲಿ ಅವಳ ಅಪ್ಪ ಕಿಶನನ ದೋಣಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮಗುಚಿತು; ಅವನು ಬದುಕಿ ಬರಲಿಲ್ಲ. ದಡದಲ್ಲಿ ನಿಂತಿದ್ದ ಅವಳು ಅದನ್ನು ಕಣ್ಣಾರೆ ಕಂಡಳು. ಅಂದಿನಿಂದ ಅವಳ ಮಾತು ನಿಂತಿತು. ಧೈರ್ಯ ತುಂಬುತ್ತಾರಂತೆ ಎಂದು ನಾನೇ ಅವಳನ್ನು ತಮ್ಮ ಶಿಬಿರಕ್ಕೆ ಕರೆದೊಯ್ದೆ. ಆ ತಪ್ಪು ನನ್ನದು.

ತಮ್ಮ ತಜ್ಞರು ಮೊದಲಿಗೆ "ಅಪ್ಪ ಇಲ್ಲದವರು ಎದ್ದು ನಿಲ್ಲಿ" ಎಂದರು. ಸತ್ತ ತಂದೆಯ ಹೆಸರಿನಲ್ಲಿ ಮಕ್ಕಳಿಂದ ಹಾಜರಿ ಹೇಳಿಸುವ ಚಿಕಿತ್ಸೆ ಯಾವ ಶಾಸ್ತ್ರದಲ್ಲಿದೆ? ಬಳಿಕ ಲತಾಳನ್ನು ವೇದಿಕೆಗೆ ಕರೆದು, ಬಾಯಿಗೆ ಮೈಕು ಹಿಡಿದು, "ಸಮುದ್ರವೇ, ನಿನಗೆ ನಾನು ಹೆದರುವುದಿಲ್ಲ ಅಂತ ಹೇಳಮ್ಮ, ಜೋರಾಗಿ ಹೇಳು" ಎಂದರು. ಅವಳು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಮುಂದಿನ ಸಾಲಿನವರು ನಕ್ಕರು. ಛಾಯಾಗ್ರಾಹಕ ಮಾತ್ರ ಕರ್ತವ್ಯ ಮರೆಯಲಿಲ್ಲ. ನಡುಗುವ ಆ ಮುಖ ಈಗ ತಮ್ಮ ಕರಪತ್ರದ ಮೇಲೆ 'ಧೈರ್ಯಶಾಲಿ ಬಾಲೆ' ಎಂಬ ಬಿರುದಿನೊಂದಿಗೆ ರಾರಾಜಿಸುತ್ತಿದೆ. ಮರುದಿನದಿಂದ ಅವಳು ಶಾಲೆಗೂ ಹೋಗಲಿಲ್ಲ.

ಅವಳನ್ನು ಹೊರತಂದವಳು ನೆರೆಮನೆಯ ಹೀರಾ. ಮೀನು ಮಾರುವವಳು, ಓದಿದ್ದು ಎರಡನೇ ಇಯತ್ತೆ. ದಿನಾ ಮಧ್ಯಾಹ್ನ ಅಂಗಳದಲ್ಲಿ ಸಿಗಡಿ ಸುಲಿಯುತ್ತ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಮೂರನೇ ತಿಂಗಳಲ್ಲಿ ಲತಾ ತಾನಾಗಿ ಬಾಯಿ ತೆರೆದಳು:

"ಹೀರಕ್ಕಾ, ಅಪ್ಪಗೆ ನೀರಲ್ಲಿ ಚಳಿ ಆಗಿರೂದಾ?"

"ನಂಗೆ ಗೊತ್ತಿಲ್ಲ ಮಗಾ. ಅಳೂದಾದ್ರೆ ಅಳು. ನಾ ಇಲ್ಲೇ ಕೂತ್ಕಂತೆ."

ಅವಳು ಸಂಜೆಯವರೆಗೂ ಅತ್ತಳು. ಹೀರಾ ಎದ್ದು ಹೋಗಲಿಲ್ಲ. ಮುಂದಿನ ವಾರ ಲತಾ ಮತ್ತೆ ಪಾಟೀಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಳು.

ಈಗ ಕಾರವಾರದಲ್ಲಿ ಎರಡನೇ ಶಿಬಿರವೆಂದು ಫಲಕ ಹಾಕಿಸಿದ್ದೀರಿ. ಅದನ್ನು ರದ್ದುಮಾಡಿ. ಆ ಕರಪತ್ರವನ್ನು ಹಿಂಪಡೆಯಿರಿ. ವಾರಕ್ಕೊಮ್ಮೆ ನಮ್ಮ ಕೇರಿಗೆ ಬಂದು, ನೆಲದ ಮೇಲೆ ಕುಳಿತು, ಮಗು ತಾನಾಗಿ ಮಾತಾಡುವವರೆಗೆ ಸುಮ್ಮನಿರಬಲ್ಲ ತಿಳಿದವರೊಬ್ಬರನ್ನು ಕಳುಹಿಸಿ. ಸುಮ್ಮನಿರುವುದು ತಮ್ಮ ಇಲಾಖೆಗೆ ಕಷ್ಟವೆಂದು ಬಲ್ಲೆ. ತರಬೇತಿ ಬೇಕಿದ್ದರೆ ಹೀರಾ ಮಧ್ಯಾಹ್ನ ಮನೆಯಲ್ಲೇ ಇರುತ್ತಾಳೆ.

ಇಂತಿ,
ತಮ್ಮ ವರದಿಯ ಹನ್ನೆರಡನೇ ಪುಟದಲ್ಲಿ, ಯಾರೂ ಕೇಳದೆಯೇ 'ಸಂತೃಪ್ತ ಪೋಷಕ' ಎಂದು ದಾಖಲಾಗಿರುವ
ತುಳಸಿದಾಸ, ಭಾವಿಕೇರಿ