ಅಜ್ಜಿ ಬಿಟ್ಟುಹೋದ ತಗ್ಗು

ಕಡಲಾಚೆಯ ಮೊಮ್ಮಗಳಿಗೆ,

ನಿನ್ನ ಕಾಗದ ಓದಿ ಸಿಟ್ಟು ನೆತ್ತಿಗೇರಿತು. ಇದನ್ನ ನಿನಗೆ ಓದಿ ಹೇಳುವ ಟೀಚರಮ್ಮ ನನ್ನ ಬೈಗುಳ ಒಂದನ್ನೂ ನುಂಗದೆ ಓದಲಿ.

ನಿನ್ನ ಓದಿನ ಖರ್ಚು ನಾನು ನೋಡಿಕೊಳ್ತೀನಿ ಅಂತ ಒಪ್ಪಿದ ದಿನ, ದೂರದೇಶದ ಬಡಮಕ್ಕಳನ್ನ ಓದಿಸೋ ಸಂಘದವರು ಫೋಟೊ ತೋರಿಸಿದರು. ನೀನು ಬರೀ ನೆಲದ ಮೇಲೆ ಮಲಗಿದ್ದೆ. ಅದಕ್ಕೇ ಕೈಯಾರೆ ಹಗ್ಗದ ಮಂಚ ಹೆಣೆದು ಹಡಗಿಗೆ ಹಾಕಿಸಿದೆ. ಅದನ್ನ ಕಾಯಿಲೆಬಿದ್ದ ನಿನ್ನಜ್ಜಿಗೆ ಬಿಟ್ಟುಕೊಟ್ಟೆಯಂತೆ, ಸರಿ. ಅಜ್ಜಿ ಅದರ ಮೇಲೇ ತೀರಿಕೊಂಡರು, ಅವರು ಮಲಗಿದ ತಗ್ಗು ಹಗ್ಗದಲ್ಲಿ ಹಾಗೇ ಇದೆ, ಭಯ, ಮತ್ತೆ ನೆಲವೇ ಗತಿ ಅಂತೀಯಲ್ಲ, ಥಂಡಿಗೆ ಕೆಮ್ಮು ಹತ್ತಿದರೆ ಈಗ ನಿನ್ನನ್ನ ನೋಡೋರು ಯಾರು?

ಕಾಲ ಕಡೆಯ ಗಂಟು ಬಿಚ್ಚಿ ಇಬ್ಬರು ಜಗ್ಗಿ ಬಿಗಿದರೆ ತಗ್ಗು ಹೋಗುತ್ತೆ. ಸಾವಾದ ಮನೆಗಳ ಮಂಚ ನಲವತ್ತು ವರ್ಷದಿಂದ ಹಾಗೇ ಬಿಗಿದು ಕೊಟ್ಟಿದ್ದೀನಿ. ಬೇಡವಾದರೆ ಆ ತಗ್ಗಲ್ಲೇ ಮಲಗು. ಭಯ ನಾಲ್ಕು ದಿನದ್ದು.

ನನ್ನ ಹೆಂಡತಿ ಹೋಗಿ ಆರು ವರ್ಷ. ಊರವರ ಮಂಚವೆಲ್ಲ ಬಿಗಿದವನು ನಮ್ಮದನ್ನ ಇನ್ನೂ ಮುಟ್ಟಿಲ್ಲ. ಅವಳ ತಗ್ಗು ನನಗೆ ಸ್ವಲ್ಪ ಗಿಡ್ಡ, ಕಾಲು ಮಡಚಿ ಮಲಗ್ತೀನಿ.

ನೀನೆಲ್ಲಿ ಮಲಗಿದೆ ಅಂತ ಮರುಟಪಾಲಿಗೆ ಬರೆ.

ನಿನ್ನ ಸಿಡುಕ ತಾತ