ಹತ್ತಿ ಗಿರಣಿಯ ಹಿಂಬಾಗಿಲು

ಫೆಬ್ರವರಿ ೩೦, ೨೧೯೧

ಹತ್ತಿ ಗಿರಣಿಯ ಹಿಂಬಾಗಿಲು ನಿನ್ನೆಯೂ ತೆರೆಯಿತು; ಒಳಗಿದ್ದ ಹೆಂಗಸರೆಲ್ಲ ಜೀವಂತವಾಗಿ ಹೊರಬಂದರು. ಕರಿಗಲ್ಲಾಪುರದ ಆಟದ ಮನೆಯ ಮೇಲ್ವಿಚಾರಕ ಮೌನೇಶ ಪತ್ತಾರ ಎಂದಿನಂತೆ ಸಂಜೆ ಇದನ್ನು ವರದಿ ಮಾಡಿದ್ದಾರೆ. ನಿಜವಾಗಿ ಬೆಂಕಿ ಬಿದ್ದ ದಿನ ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಒಬ್ಬರೂ ಉಳಿಯಲಿಲ್ಲ.

ಹಿಂದಿನ ಶತಮಾನದಲ್ಲಿ ಆಟ ಕಟ್ಟುತ್ತಿರುವವರೇ, ನಮ್ಮ ತಾರೀಖು, ನಮ್ಮ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಫೆಬ್ರವರಿಯನ್ನು ಉದ್ದ ಮಾಡಿ ಬಹಳ ಕಾಲವಾಯಿತು. ನೀವು ಈಗ ಕಟ್ಟುತ್ತಿರುವ, ನಡೆದ ಘಟನೆಯೊಳಗೆ ಆಟಗಾರನೇ ಓಡಾಡುವ ಸಾಕ್ಷ್ಯಚಿತ್ರದ ಆಟಗಳನ್ನು ನಾವು 'ನಡೆನೋಟ' ಎನ್ನುತ್ತೇವೆ. ಮಕ್ಕಳ ಚರಿತ್ರೆಯ ಪಾಠ ಅದರಲ್ಲೇ. ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಹಳೆಯ ಯಾವುದೋ ಪ್ರವಾಹಕ್ಕೋ ಮುಷ್ಕರಕ್ಕೋ ಹೋಗಿಬರುತ್ತಾರೆ, ಮಲಗುತ್ತಾರೆ. ಪುಸ್ತಕ ಬಿಡಿಸುವವರು ಕಡಿಮೆ. ಹೀಗಾಗಿ 'ಸವೆದ ದಾರಿ' ಎಂಬ ಕಾನೂನು ಬಂತು: ಒಂದು ಘಟನೆಯಲ್ಲಿ ಹೆಚ್ಚು ಜನ ನಡೆದ ದಾರಿಯೇ ಅದರ ದಾಖಲೆ.

ಗಿರಣಿಯ ಆಟ ನಿಮ್ಮ ಕಾಲದ್ದು. ಮೊದಲು ಅದರಲ್ಲೂ ಬೀಗವಿತ್ತು. ಏನೂ ಮಾಡಲಾಗಲಿಲ್ಲವೆಂದು ಆಟಗಾರರು ಬೇಸತ್ತು ಬಿಟ್ಟುಹೋಗತೊಡಗಿದಾಗ, ತಯಾರಕರು ಅವರ ಕೈಗೊಂದು ಕೀಲಿಕೈ ಕೊಟ್ಟರು. ಅವರೇನು ಕೆಟ್ಟವರಲ್ಲ. ಬೀಗವಿರುವ ಆಟ ಈಗಲೂ ಸಿಗುತ್ತದೆ. ಅದಕ್ಕೆ ಯಾರೂ ಹೋಗುವುದಿಲ್ಲ.

ದಾಖಲೆಯ ಪ್ರಕಾರ ಯಾರೂ ಸತ್ತಿಲ್ಲವೆಂದ ಮೇಲೆ ಗಿರಣಿಯ ಮುಂದೆ ಸತ್ತವರ ಹೆಸರಿನ ಕಲ್ಲು ಏಕೆಂದು ಕೇಳಿ, ಅದನ್ನು ಕೀಳಲು ಪುರಸಭೆ ಕಳೆದ ತಿಂಗಳು ತೀರ್ಮಾನಿಸಿತು. ವಿರೋಧಿಸಿದ್ದು ಇರಾವತಿ ಹಾದಿಮನಿ ಒಬ್ಬರೇ. ಅವರ ಮುತ್ತಜ್ಜಿಯ ಮುತ್ತಜ್ಜಿ ಸಾವಂತ್ರವ್ವ ಆ ಬಾಗಿಲ ಹಿಂದೆ ಸತ್ತವರು. ಸಭೆಯಲ್ಲಿ ಪಕ್ಕದ ಮನೆಯ ಶಿವಗಂಗಾ ಇರಾವತಿಯವರ ಬೆನ್ನು ಸವರಿ ಸಮಾಧಾನ ಹೇಳಿದರು: "ಯಾಕ ಅಳ್ತಿಯಬೇ ಇರಾ? ನಿಮ್ಮ ಸಾವಂತ್ರವ್ವನ್ನ ನಾನ ಕೈ ಹಿಡದು ಹೊರಗ ಕರಕೊಂಡು ಬಂದೀನಿ. ನಕ್ಕೊಂತ ಬಂದ್ಲು."

"ಬಂದಿದ್ರ ಮನಿಗೆ ಬರಬೇಕಿತ್ತಲ್ಲವಾ," ಎಂದರು ಇರಾವತಿ.

ಸಭೆಯಲ್ಲಿ ಒಂದಿಬ್ಬರು ನಕ್ಕರು. ನಾನು ವರದಿ ಬರೆದುಕೊಂಡೆ. ಇಂಥ ಕಲ್ಲುಗಳ ಸುದ್ದಿ ಬರೆದು ಬರೆದು ಕೈಸೋತಿದೆ.

ಆದ್ದರಿಂದ ಒಂದೇ ಕೋರಿಕೆ. ನೀವು ಕಟ್ಟುವ ಆಟದಲ್ಲಿ ಬಾಗಿಲು ಮುಚ್ಚಿದ್ದರೆ ಮುಚ್ಚಿಯೇ ಇರಲಿ. ಆಟಗಾರ ಬೈಯಲಿ, ಬಿಟ್ಟುಹೋಗಲಿ. ಅವನು ಅದನ್ನು ಬಡಿಯಬಹುದು, ಬೀಗ ಹಾಕಿಸಿದ್ದು ಯಾರೆಂದು ವಿಚಾರಿಸಬಹುದು. ಕೀಲಿಕೈ ಮಾತ್ರ ಕೊಡಬೇಡಿ.

ಇರಾವತಿಯವರ ಮೇಲ್ಮನವಿ ಸೋಮವಾರ ವಿಚಾರಣೆಗೆ ಬರುತ್ತದೆ. ಅದಕ್ಕೆ ಮೊದಲು, ನಿಯಮದಂತೆ, ವಿಚಾರಣೆ ನಡೆಸುವ ಸದಸ್ಯರೆಲ್ಲರೂ ಜನ ಹೆಚ್ಚು ಆಡುವ ಆಟವನ್ನು ಒಮ್ಮೆ ಆಡಿ ಬರಲಿದ್ದಾರೆ.