ಇನ್ನೊಂದು ಲೋಟ ಬಿಸಿನೀರು

ಹದಿನಾಲ್ಕು, ಮಂಗಳವಾರ.

ಮಂಡಿನೋವು ಹಾಗೇ ಇದೆ. ಆಯುರ್ವೇದದ ವೈದ್ಯರ ಹತ್ರ ಹೋಗಿದ್ದು ನನ್ನ ಮಂಡಿಗೆ, ಮಾತೆಲ್ಲ ನಮ್ಮ ಯಜಮಾನರದ್ದೇ. ಹತ್ತು ವರ್ಷದಿಂದ ನಾಲ್ಕೂವರೆಗೆ ಏಳ್ತಾರಂತೆ, ಎದ್ದ ತಕ್ಷಣ ಬಿಸಿನೀರಂತೆ, ಮೈಗೆಲ್ಲ ಬೆಚ್ಚಗಿನ ಎಳ್ಳೆಣ್ಣೆಯಂತೆ, ಆರಿದ ಅಡುಗೆ ಮುಟ್ಟೋದೇ ಇಲ್ವಂತೆ. "ಎಲ್ಲಾ ಶಿಸ್ತು ಡಾಕ್ಟ್ರೇ, ಶಿಸ್ತು." ಅರವತ್ತಾದ್ರೂ ಗುಂಡುಕಲ್ಲಿನ ಹಾಗಿದ್ದೀರಿ ಅಂತ ವೈದ್ಯರು ಬೆನ್ನು ತಟ್ಟಿದ್ರು.

ಆ ನೀರು ತಾನಾಗೇ ಬಿಸಿಯಾಗುತ್ತೆ, ಪಾಪ. ಎಣ್ಣೆನೂ ತಾನೇ ನಡ್ಕೊಂಡು ಹೋಗಿ ಬಚ್ಚಲುಮನೇಲಿ ಕೂರುತ್ತೆ. ನಾನು ನಾಲ್ಕಕ್ಕೆ ಏಳೋದಕ್ಕೆ ಶಿಸ್ತು ಅನ್ನೋ ಹೆಸರಿಲ್ಲ. ಇವರು ಮುಟ್ಟದ ತಂಗಳು ತಿನ್ನೋಳೂ ನಾನೇ. ಸಿಡುಕಿದ್ರೆ "ನಿಂದು ಪಿತ್ತದ ಮೈ ಕಣೆ" ಅಂತಾರೆ.

ಕೊನೆಗೆ ವೈದ್ಯರು ನನ್ನ ನಾಡಿ ಹಿಡಿದ್ರು. ತುಂಬ ಹೊತ್ತು ಬಿಡಲೇ ಇಲ್ಲ. "ಔಷಧಿ ಆಮೇಲೆ ನೋಡೋಣಮ್ಮ. ಬೆಳಕಾಗೋವರೆಗೂ ನಿದ್ದೆ ಮಾಡಿ. ಬಿಸಿನೀರು ಕುಡೀರಿ, ಬಿಸಿಯಾಗಿ ಊಟ ಮಾಡಿ. ಮಂಡಿಗೆ ಯಾರಾದ್ರೂ ಎಣ್ಣೆ ತಿಕ್ಕಲಿ." ಯಾರಾದ್ರೂ ಅಂದಾಗ ನಾನು ಇವರ ಮುಖ ನೋಡಿದೆ.

ದಾರೀಲಿ ಇವರೇ ಮಾತು ತೆಗೆದ್ರು. "ಅವರು ಹೇಳಿದ್ದು ಸರಿ ಕಣೆ. ನಾಳೆಯಿಂದ ನೀನೂ ಶುರು ಮಾಡು." ಮೂವತ್ತೈದು ವರ್ಷ ಸಂಸಾರ ಮಾಡಿದೋಳು ನಾನು, ಆದ್ರೂ ಒಂದು ಕ್ಷಣ ನಂಬಿಬಿಟ್ಟೆ.

"ಹೇಗೂ ನಂಗೆ ನೀರಿಡ್ತೀಯಲ್ಲ, ಜೊತೆಗೆ ಇನ್ನೊಂದು ಲೋಟ ಜಾಸ್ತಿ ಇಟ್ಕೊ."

ಈಗಷ್ಟೇ ಅಲಾರಂ ಇಟ್ಟು ಬಂದು ಇದನ್ನ ಬರೀತಿದ್ದೀನಿ. ನಾಲ್ಕಕ್ಕೇ ಇಟ್ಟಿದ್ದೀನಿ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.